ಅಂಡಕ್ಕೂ ಹೃದಯಕ್ಕೂ ಒಂದೇ ಕ್ಯಾಲ್ಸಿಯಂ

ಕ್ಯಾಲ್ಸಿಯಂ ಅಂದ ಕೂಡಲೇ ನೆನಪಾಗುವುದು ಮೂಳೆ, ಹಲ್ಲು. ನಿಜ, ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಅಲ್ಲೇ ಇದೆ. ಆದರೆ ನನಗೆ ಬೆರಗು ಹುಟ್ಟಿಸುವುದು ಉಳಿದ ಚೂರು. ಹೊಸ ಜೀವ ಕಣ್ಣು ಬಿಡುವುದೂ ಅದರಿಂದ, ಹೃದಯ ಬಡಿಯುವುದೂ ಅದರಿಂದ.

ಎಲ್ಲರಿಗಿಂತ ಜೋರಾಗಿ ಓಡಿದ ವೀರ್ಯಾಣು ಗೆಲ್ಲುತ್ತದೆ, ಅಂಡ ಸುಮ್ನೆ ಕಾಯುತ್ತಾ ಕೂತಿರುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಇದು ತಪ್ಪು. ವೀರ್ಯಾಣುವಿನ ಮೇಲಿನ ಇಝುಮೊ ಪ್ರೋಟೀನನ್ನು ಅಂಡದ ಮೇಲಿನ ಜೂನೋ ಪ್ರೋಟೀನ್ ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ಎಷ್ಟು ಓಡಿದರೂ ದಂಡ. ಇಝುಮೊ ಸಿಕ್ಕಿದ್ದು 2005ರಲ್ಲಿ. ಅದರ ಜೋಡಿ ಸಿಗಲು 2014ರವರೆಗೆ ಕಾಯಬೇಕಾಯಿತು.

ಅಸಲಿ ಕೆಲಸ ನಡೆಯುವುದು ಒಳಗೆ. ಅಂಡದ ತುಂಬ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲ ಹರಡಿದೆ. ಪ್ರೋಟೀನ್ ತಯಾರಾಗುವ ಜಾಗ ಎಂದಷ್ಟೇ ನಾವು ಓದಿರುತ್ತೇವೆ. ಅದು ಕ್ಯಾಲ್ಸಿಯಂನ ಕೆರೆಯೂ ಹೌದು. ಜೀವಕೋಶದ ದ್ರವದಲ್ಲಿ ಬಿಡಿ ಕ್ಯಾಲ್ಸಿಯಂ ಕೋಶದ ಹೊರಗಿನದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಪಂಪ್‌ನಂಥ ಪ್ರೋಟೀನ್‌ಗಳು ಅದನ್ನು ಎತ್ತಿ ಎತ್ತಿ ಕೆರೆಗೆ ತುಂಬುತ್ತವೆ. ಕೆರೆಗೆ ತೂಬುಗಳಿವೆ, ಅವೂ ಪ್ರೋಟೀನ್‌ಗಳೇ.

ವೀರ್ಯಾಣು ತನ್ನ ಜೊತೆ ಪಿಎಲ್‌ಸಿ ಝೀಟಾ ಎಂಬ ಪ್ರೋಟೀನ್ ತರುತ್ತದೆ. ಅದು ಪೊರೆಯ ಒಂದು ಬಗೆಯ ಕೊಬ್ಬನ್ನು ಕತ್ತರಿಸುತ್ತದೆ. ಆ ತುಂಡು ಹೋಗಿ ತೂಬು ತೆರೆಸುತ್ತದೆ. ಹೊರಬಂದ ಕ್ಯಾಲ್ಸಿಯಂ ಪಕ್ಕದ ತೂಬನ್ನೂ ತೆರೆಸುತ್ತದೆ, ಅದು ಮತ್ತೊಂದನ್ನು. ಹೀಗೆ ಅಂಡದ ಈ ತುದಿಯಿಂದ ಆ ತುದಿಗೆ ಒಂದು ಅಲೆ ಸಾಗುತ್ತದೆ. 1970ರ ದಶಕದಲ್ಲಿ, ಕ್ಯಾಲ್ಸಿಯಂ ತಾಗಿದರೆ ಬೆಳಗುವ ಲೋಳೆಮೀನಿನ ಪ್ರೋಟೀನನ್ನು ಮೆಡಾಕಾ ಮೀನಿನ ಮೊಟ್ಟೆಗೆ ಚುಚ್ಚಿ ಈ ಅಲೆಯನ್ನು ಕಣ್ಣಾರೆ ಕಂಡರು. ಸಸ್ತನಿಗಳಲ್ಲಿ ಇಂಥ ಅಲೆಗಳು ಗಂಟೆಗಟ್ಟಲೆ ಮತ್ತೆ ಮತ್ತೆ ಏಳುತ್ತವೆ. ಅಂಡದ ಅಂಚಿನ ಪುಟ್ಟ ಚೀಲಗಳು ಒಡೆದು ಹೊರಗವಚ ಬದಲಾಗುತ್ತದೆ, ಇನ್ನೊಂದು ವೀರ್ಯಾಣುವಿಗೆ ದಾರಿ ಮುಚ್ಚುತ್ತದೆ. ಭ್ರೂಣದ ಬೆಳವಣಿಗೆ ಶುರುವಾಗುವುದೂ ಈ ಅಲೆಗಳಿಂದಲೇ.

ಕೆಲವು ಗಂಡಸರ ವೀರ್ಯಾಣುವಿನಲ್ಲಿ ಪಿಎಲ್‌ಸಿ ಝೀಟಾ ಕೆಟ್ಟಿರುತ್ತದೆ. ಸೂಜಿಯಿಂದ ವೀರ್ಯಾಣುವನ್ನು ಅಂಡದೊಳಗೇ ಇಟ್ಟರೂ ಅಂಡ ಏಳುವುದಿಲ್ಲ. ಆಗ ಕ್ಯಾಲ್ಸಿಯಂ ಏರಿಸುವ ರಾಸಾಯನಿಕ ಬಳಸಿ ಎಬ್ಬಿಸಲು ನೋಡುತ್ತಾರೆ. ಇಷ್ಟು ಗೊತ್ತಿದ್ದೂ ಮಕ್ಕಳಾಗದಿದ್ದರೆ ಹೆಣ್ಣಿನ ದೋಷ, ಗ್ರಹಚಾರ ಎನ್ನುವವರನ್ನು ಕಂಡರೆ ಸಂಕಟವಾಗುತ್ತದೆ.

ಇನ್ನು ಹೃದಯ. 1880ರ ದಶಕದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಬಡಿಯುವಂತೆ ಮಾಡಿದ್ದರು. ಆಮೇಲೆ ಗೊತ್ತಾಯಿತು, ಆ ದ್ರಾವಣಕ್ಕೆ ಬಳಸಿದ್ದು ನಲ್ಲಿ ನೀರು. ಬಟ್ಟಿ ಇಳಿಸಿದ ನೀರು ಬಳಸಿದಾಗ ಬಡಿತ ಕುಗ್ಗಿ ನಿಂತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸುತ್ತಿತ್ತು!

ಹೃದಯದ ಕೋಶದಲ್ಲೂ ಅದೇ ಕೆರೆ, ತೂಬು ಮಾತ್ರ ಬೇರೆ ಪ್ರೋಟೀನಿನದು. ಪ್ರತಿ ಬಡಿತಕ್ಕೂ ಅದು ತೆರೆಯಬೇಕು, ಚೆಲ್ಲಿದ ಕ್ಯಾಲ್ಸಿಯಂ ಮತ್ತೆ ಕೆರೆ ಸೇರಬೇಕು. ಪಂಪ್‌ಗೆ ಬೇಕಾದ ಶಕ್ತಿ ಕೊಡುವುದು ಕೋಶದೊಳಗಿನ ಪುಟ್ಟ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯ. ಹೃದಯದ ಕೋಶದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅವೇ ಇವೆ.

ಹೃದಯಾಘಾತದಲ್ಲಿ ರಕ್ತ ನಿಂತಾಗ ಪಂಪ್ ಸೋಲುತ್ತದೆ, ಕೋಶದ ದ್ರವದಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತದೆ. ರಕ್ತನಾಳವನ್ನು ಬೇಗ ತೆರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಕ್ತ ನುಗ್ಗಿದ ಗಳಿಗೆಯಲ್ಲಿ ಕ್ಯಾಲ್ಸಿಯಂ ಮೈಟೊಕಾಂಡ್ರಿಯದೊಳಗೆ ಜಾಸ್ತಿ ತುಂಬಿ, ಅದರ ಪೊರೆಯಲ್ಲಿ ರಂಧ್ರ ತೆರೆದುಕೊಳ್ಳುತ್ತದೆ. ಹಾಗೆ ಇನ್ನಷ್ಟು ಕೋಶಗಳು ಸಾಯುತ್ತವೆ.

1986ರಲ್ಲಿ ಅಮೆರಿಕದಲ್ಲಿ ನಾಯಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಹೃದಯದ ರಕ್ತನಾಳವನ್ನು 5 ನಿಮಿಷ ಮುಚ್ಚುವುದು, ಬಿಡುವುದು, ಹೀಗೆ 4 ಸಲ. ಆಮೇಲೆ 40 ನಿಮಿಷ ಮುಚ್ಚಿದರೂ, ಮೊದಲು ಹಾಗೆ ಮಾಡದ ನಾಯಿಗಳಿಗೆ ಹೋಲಿಸಿದರೆ ಹಾನಿ ಕಾಲು ಭಾಗಕ್ಕೆ ಇಳಿದಿತ್ತು. ಹೀಗೆ ಮೊದಲೇ ಪಳಗಿದ ಹೃದಯದಲ್ಲಿ ಮೈಟೊಕಾಂಡ್ರಿಯದ ಆ ರಂಧ್ರ ಸುಲಭಕ್ಕೆ ತೆರೆಯುವುದಿಲ್ಲ. ರಂಧ್ರ ತೆರೆಯಲು ಸೈಕ್ಲೋಫಿಲಿನ್ ಡಿ ಎಂಬ ಪ್ರೋಟೀನಿನ ಒತ್ತಾಸೆ ಬೇಕು. ಅದಿಲ್ಲದ ಇಲಿಗಳ ಹೃದಯಕ್ಕೆ ಹಾನಿ ಕಡಿಮೆ ಎಂದು 2005ರಲ್ಲಿ ತಿಳಿಯಿತು. ಆ ಪ್ರೋಟೀನನ್ನು ತಡೆಯುವ ಸೈಕ್ಲೋಸ್ಪೋರಿನ್ ಔಷಧವನ್ನು ಹೃದಯಾಘಾತವಾದವರಿಗೆ ಕೊಟ್ಟು ನೋಡಿದರು. 2015ರಲ್ಲಿ ಫಲಿತಾಂಶ ಬಂತು: ಉಪಯೋಗ ಕಾಣಲಿಲ್ಲ. ಇಲಿಗಳಲ್ಲಿ ಆ ಪ್ರೋಟೀನ್ ಹುಟ್ಟಿನಿಂದಲೇ ಇರಲಿಲ್ಲ. ರೋಗಿಗಳಲ್ಲಿ, ರಕ್ತ ಮರಳುವ ಮೊದಲ ಕೆಲವೇ ನಿಮಿಷಗಳೊಳಗೆ ಔಷಧ ಮೈಟೊಕಾಂಡ್ರಿಯದವರೆಗೆ ಮುಟ್ಟಬೇಕು.