ವಾಂಕೆಲ್ ಎಂಜಿನ್ನಿಗೊಂದು ಶ್ವಾಸನಾಳ

ವಿಮಾನಗಳ ಚರಿತ್ರೆಯಲ್ಲಿ ‘ರೋಟರಿ ಎಂಜಿನ್’ ಎಂಬ ಹೆಸರಿಗೆ ಎರಡು ಅರ್ಥಗಳಿವೆ. ಮೊದಲ ಮಹಾಯುದ್ಧದ ಕಾಲದ ರೋಟರಿಗಳಲ್ಲಿ ಸಿಲಿಂಡರುಗಳೆಲ್ಲವೂ ಪ್ರೊಪೆಲ್ಲರಿನ ಜೊತೆಯಲ್ಲೇ ಗಿರ್ರನೆ ಸುತ್ತುತ್ತಿದ್ದವು. ಅವುಗಳಿಗೆ ಗಾಳಿ ಸೇರುತ್ತಿದ್ದುದು ಅಲುಗಾಡದೆ ನಿಂತ ಟೊಳ್ಳು ಕ್ರ್ಯಾಂಕ್ ಶಾಫ್ಟಿನ ಮೂಲಕ. ಇಲ್ಲಿ ಹೇಳಹೊರಟಿರುವುದು ಇನ್ನೊಂದರ ವಿಷಯ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ, 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಬಾರಿಗೆ ಓಡಿದ, ಮುಂದೆ ಜಪಾನಿನ ಮಾಜ್ದಾ ಕಂಪನಿ ಹಟ ಹಿಡಿದು ದಶಕಗಳ ಕಾಲ ಬೆಳೆಸಿದ ಈ ಎಂಜಿನ್ನಿನಲ್ಲಿ ಪಿಸ್ಟನ್ನುಗಳಿಲ್ಲ, ಕವಾಟಗಳೂ ಇಲ್ಲ. ತ್ರಿಕೋನಾಕಾರದ ರೋಟರೊಂದು ಗೂಡಿನೊಳಗೆ ಉರುಳುತ್ತ, ತನ್ನ ಮೈಯಿಂದಲೇ ಗಾಳಿಯ ಕಿಂಡಿಯನ್ನು ತೆರೆಯುತ್ತದೆ, ಮುಚ್ಚುತ್ತದೆ.

ಅಮೆರಿಕದಲ್ಲಿ ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳಲ್ಲಿ ಒಂದು ಸಣ್ಣ ಗುಂಪಿಗೆ ಮಾಜ್ದಾ ಆರ್‌ಎಕ್ಸ್-7 ಕಾರಿನ 13ಬಿ ಎಂಜಿನ್ನಿನ ಮೇಲೆ ಬಹಳ ಹಿಂದಿನಿಂದಲೂ ಮೋಹ. ಎಂಜಿನ್ ಗಿಡ್ಡ, ಹಗುರ, ಕಂಪನ ಕಡಿಮೆ. ಆದರೆ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿಗೆ ಗಾಳಿ ಹಂಚುವ ಕೊಳವೆಗಳ ಜೋಡಣೆ, ವಿಮಾನದ ಮೂತಿಯೊಳಗೆ ಹಿಡಿಸುವುದಿಲ್ಲ. ಹಿಡಿಸಿದರೂ ಬೇಕಾದ ಕಡೆಗೆ ಮುಖ ಮಾಡಿರುವುದಿಲ್ಲ. ಹಾಗಾಗಿ ಗಾಳಿಯ ದಾರಿಯನ್ನು ಪ್ರತಿಯೊಬ್ಬರೂ ಹೊಸದಾಗಿ ರೂಪಿಸಿಕೊಳ್ಳಬೇಕಾಗುತ್ತದೆ. ಇದನ್ನು ಬರಿಯ ತಲೆನೋವೆಂದು ನೋಡುವವರೇ ಹೆಚ್ಚು. ನನ್ನ ಮಟ್ಟಿಗೆ ಇದೊಂದು ಅಪರೂಪದ ಅನುಕೂಲ. ಕಾರಿನ ಎಂಜಿನ್ ಸಿಗ್ನಲ್ಲಿನಲ್ಲಿ ತೂಕಡಿಸಬೇಕು, ಹೆದ್ದಾರಿಯಲ್ಲಿ ಅಬ್ಬರಿಸಬೇಕು, ಎಲ್ಲ ವೇಗಗಳಲ್ಲೂ ಸಮನಾಗಿ ಉಸಿರಾಡಬೇಕು. 1991ರಲ್ಲಿ ಲ ಮಾನ್ ಓಟವನ್ನು ಗೆದ್ದ ಮಾಜ್ದಾ 787ಬಿ ಕಾರಿನಲ್ಲಿ ಇದಕ್ಕಾಗಿಯೇ ಓಡುತ್ತಿರುವಾಗಲೇ ಉದ್ದ ಬದಲಿಸಿಕೊಳ್ಳುವ ಗಾಳಿಕೊಳವೆಗಳಿದ್ದವು. ವಿಮಾನಕ್ಕೆ ಆ ಕಸರತ್ತು ಬೇಡ. ಮೇಲೇರಿದ ಮೇಲೆ ಅದು ಗಂಟೆಗಟ್ಟಲೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ. ಆ ಒಂದು ವೇಗಕ್ಕೆ ಕೊಳವೆಯನ್ನು ಶ್ರುತಿ ಮಾಡಿಟ್ಟರೆ ಸಾಕು.

ಶ್ರುತಿ ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕೆಂದು ಬಳಸುತ್ತಿಲ್ಲ. ಕೊಳಲಿನ ಸ್ವರ ಅದರೊಳಗಿನ ಗಾಳಿಯ ಉದ್ದವನ್ನು ಅವಲಂಬಿಸಿರುವಂತೆಯೇ, ಇನ್‌ಟೇಕ್ ಕೊಳವೆಯ ಉದ್ದವೂ ಒತ್ತಡದ ಅಲೆಯೊಂದು ಎಷ್ಟು ಹೊತ್ತಿಗೆ ಎಲ್ಲಿಗೆ ತಲುಪಬೇಕೆಂಬುದನ್ನು ನಿರ್ಧರಿಸುತ್ತದೆ. 13ಬಿಯಲ್ಲಿ ಎರಡು ರೋಟರುಗಳಿವೆ. ಅವು ತಿರುಗಿಸುವ ಶಾಫ್ಟಿನ ಲೆಕ್ಕದಲ್ಲಿ ಅವೆರಡರ ನಡುವಿನ ಅಂತರ 180 ಡಿಗ್ರಿ. ಶಾಫ್ಟು ಒಂದು ಸುತ್ತು ಬರುವಷ್ಟರಲ್ಲಿ ಪ್ರತಿ ರೋಟರೂ ಒಂದು ಸಲ ಗಾಳಿ ಎಳೆದುಕೊಳ್ಳುತ್ತದೆ, ಕಿಂಡಿ ಸುಮಾರು 280 ಡಿಗ್ರಿಯಷ್ಟು ಕಾಲ ತೆರೆದಿರುತ್ತದೆ. ಅಂದರೆ ಮೊದಲ ರೋಟರಿನ ಕಿಂಡಿ ತೆರೆಯುವ ಗಳಿಗೆಯಲ್ಲಿ ಎರಡನೆಯದರ ಕಿಂಡಿ ಮುಚ್ಚಲು ಇನ್ನೂ ಸುಮಾರು 100 ಡಿಗ್ರಿ ಉಳಿದಿರುತ್ತದೆ.

ಕವಾಟವಿಲ್ಲದ ಈ ಕಿಂಡಿ ತೆರೆದೊಡನೆ ಗೂಡಿನೊಳಗೆ ಉಳಿದಿದ್ದ ಸುಟ್ಟ ಅನಿಲ ಕೊಳವೆಯತ್ತ ಒಮ್ಮೆ ಹಿಮ್ಮುಖವಾಗಿ ನುಗ್ಗುತ್ತದೆ. ಮೇಲುನೋಟಕ್ಕೆ ಇದು ನಷ್ಟವೇ ಸರಿ. ಆದರೆ ಆ ನೂಕು ಒತ್ತಡದ ಅಲೆಯಾಗಿ ಶಬ್ದದ ವೇಗದಲ್ಲಿ ಓಡಿ, ಎರಡನೆಯ ರೋಟರಿನ ಕಿಂಡಿ ಇನ್ನೇನು ಮುಚ್ಚಬೇಕೆನ್ನುವಾಗ ಅಲ್ಲಿಗೆ ಮುಟ್ಟಿದರೆ, ಒಳಗೆ ತುಂಬಿದ ಗಾಳಿ ಹೊರಕ್ಕೆ ಜಾರದಂತೆ ತಡೆದು ಇನ್ನಷ್ಟನ್ನು ಒಳಕ್ಕೆ ಒತ್ತುತ್ತದೆ. 1980ರ ದಶಕದಲ್ಲಿ ಮಾಜ್ದಾ ಎಂಜಿನಿಯರುಗಳು ಈ ಕೊಡುಕೊಳ್ಳುವಿಕೆಯನ್ನೇ ನೆಚ್ಚಿ 13ಬಿಯ ಮ್ಯಾನಿಫೋಲ್ಡ್ ರೂಪಿಸಿದರು.

ಲೆಕ್ಕ ಬಹಳ ಸರಳ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸುತ್ತು. ಕಿಂಡಿ ಮುಚ್ಚುವುದಕ್ಕೆ ಸ್ವಲ್ಪ ಮೊದಲು, ಅಂದರೆ 90 ಡಿಗ್ರಿಯ ಹೊತ್ತಿಗೆ ಅಲೆ ತಲುಪಬೇಕೆಂದರೆ ಅದಕ್ಕೆ ಸಿಗುವುದು ಕಾಲು ಸುತ್ತು, 2.5 ಮಿಲಿಸೆಕೆಂಡು. ಬೆಚ್ಚಗಿನ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಸಾಗುವುದರಿಂದ ಕಿಂಡಿಯಿಂದ ಕಿಂಡಿಗೆ ದಾರಿ ಸುಮಾರು 87 ಸೆಂ.ಮೀ. ಇರಬೇಕು, ಒಂದೊಂದು ರೋಟರಿನ ಪಾಲಿಗೆ 43 ಸೆಂ.ಮೀ. ಚಿಲ್ಲರೆ. ಪ್ರತಿ ಕೊಳವೆ 10 ಸೆಂ.ಮೀ. ಉದ್ದವಾಗಿಬಿಟ್ಟರೆ ಇದೇ ಶ್ರುತಿ 4900 ಸುತ್ತಿನ ಆಸುಪಾಸಿಗೆ ಇಳಿಯುತ್ತದೆ. ಇಲ್ಲಿ ಸುಲಭವಾಗಿ ಆಗುವ ತಪ್ಪೆಂದರೆ ಹೊರಗೆ ಕಾಣುವ ಕೊಳವೆಯನ್ನಷ್ಟೇ ಅಳೆಯುವುದು. ಎಂಜಿನ್ನಿನ ಎರಕದೊಳಗೆ ಕಿಂಡಿಯವರೆಗೆ ಸಾಗುವ ದಾರಿಯೂ ಈ ಲೆಕ್ಕಕ್ಕೆ ಸೇರಿದ್ದು.

ಒಂಟಿ ರೋಟರಿನ ಎಂಜಿನ್ನಿಗೆ ಇಂಥ ಜೊತೆಗಾರನಿಲ್ಲ. 2009ರಲ್ಲಿ ಕೋಲಾರದ ಬಳಿ, ಎರಡನೆಯ ಮಹಾಯುದ್ಧದ ಕಾಲದ ಪಾಳುಬಿದ್ದ ರನ್‌ವೇ ಇರುವಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಗಳೂ ಕೂಡಿ ರೂಪಿಸಿದ ಸುಮಾರು 30 ಕಿಲೋ ತೂಕದ ವಾಂಕೆಲ್ ಎಂಜಿನ್ ‘ನಿಶಾಂತ್’ ಎಂಬ ಚಾಲಕರಹಿತ ವಿಮಾನವನ್ನು ಹಾರಿಸಿತಲ್ಲ, ಅದು ಒಂಟಿ ರೋಟರಿನದು. ಅಂಥ ಎಂಜಿನ್ನಿನಲ್ಲಿ ಅಲೆ ತನ್ನದೇ ಕೊಳವೆಯ ತೆರೆದ ತುದಿಗೆ ಹೋಗಿ ಮರಳಿ ಬರುವುದನ್ನಷ್ಟೇ ನೆಚ್ಚಬಹುದು.

ಅಲೆಯ ಮಾತಾಯಿತು, ಇನ್ನು ಗಾಳಿಯ ಮಾತು. 13ಬಿಯಲ್ಲಿ ರೋಟರಿಗೂ ಗೂಡಿಗೂ ನಡುವೆ ಗಾಳಿ ತುಂಬುವ ಒಂದೊಂದು ಕೋಣೆ 654 ಘನ ಸೆಂ.ಮೀ. ಅದೇ 6000 ಸುತ್ತಿನಲ್ಲಿ ಎಂಜಿನ್ ಸೆಕೆಂಡಿಗೆ ಸುಮಾರು 130 ಲೀಟರ್ ಗಾಳಿ ಕುಡಿಯುತ್ತದೆ. ಗಾಳಿಯ ಪ್ರಮಾಣವನ್ನು ಹಿಡಿತದಲ್ಲಿಡುವ, 65 ಮಿ.ಮೀ. ವ್ಯಾಸದ ಥ್ರಾಟಲಿನಲ್ಲಿ ಅದು ಸೆಕೆಂಡಿಗೆ 40 ಮೀಟರಿನಷ್ಟು ವೇಗದಲ್ಲಿ ಸಾಗಬೇಕಾಗುತ್ತದೆ. ಇಷ್ಟು ಗಾಳಿಯನ್ನು ಮೂತಿಯ ಮುಂದೆ ಬಾಯಿ ತೆರೆದು ಹಿಡಿದುಕೊಂಡರೆ ಭರ್ಜರಿ ಲಾಭವೆಂಬ ನಂಬಿಕೆ ವ್ಯಾಪಕವಾಗಿದೆ. ಗಂಟೆಗೆ 270 ಕಿ.ಮೀ. ವೇಗದಲ್ಲಿ, ಸಮುದ್ರಮಟ್ಟದಲ್ಲಿ, ಒಂದಿಷ್ಟೂ ಸೋರದಂತೆ ಹಿಡಿದರೂ ಸಿಗುವ ಹೆಚ್ಚುವರಿ ಒತ್ತಡ ವಾಯುಮಂಡಲದ ಒತ್ತಡದ ಶೇ. 3.4 ಮಾತ್ರ. ಅದೂ ಬಾಯಿಯ ಅಂಚು ದುಂಡಗಿದ್ದು, ಒಳದಾರಿ ನಿಧಾನವಾಗಿ ಅಗಲವಾಗುತ್ತ ಹೋದರೆ. ಥಟ್ಟನೆ ಅಗಲವಾದ ದಾರಿಯಲ್ಲಿ ಗಾಳಿ ಗೋಡೆ ಬಿಟ್ಟು ಸುಳಿಸುಳಿಯಾಗುತ್ತದೆ, ಹಿಡಿದದ್ದೆಲ್ಲ ಅಲ್ಲೇ ಪೋಲು.

ಬಿಸಿಯಿಂದ ಆಗುವ ನಷ್ಟ ಇದಕ್ಕಿಂತ ಎಷ್ಟೋ ದೊಡ್ಡದು. ಗಾಳಿ ಮೂರು ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇ. 1 ಇಳಿಯುತ್ತದೆ, ಎಂಜಿನ್ ಮುಚ್ಚಿಗೆಯೊಳಗಿನ, 30 ಡಿಗ್ರಿ ಹೆಚ್ಚು ಬಿಸಿಯ ಗಾಳಿಯನ್ನು ಎಳೆದುಕೊಂಡರೆ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಶಕ್ತಿ ಹೋಯಿತು. 13ಬಿಯಲ್ಲಿ ಗಾಳಿ ಒಳಹೋಗುವ ಕಿಂಡಿ, ಹೊಗೆ ಹೊರಬರುವ ಕಿಂಡಿ ಎರಡೂ ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ, ಒಂದರ ಕೆಳಗೊಂದು. ವಾಂಕೆಲ್ ಎಂಜಿನ್ನಿನ ಹೊಗೆಯೋ ಮೊದಲೇ ಉರಿಬಿಸಿ. ಆದ್ದರಿಂದ ಗಾಳಿಯನ್ನು ಹೊರಗಿನಿಂದಲೇ ಪ್ರತ್ಯೇಕ ಕೊಳವೆಯಲ್ಲಿ ತರುವುದು, ಮ್ಯಾನಿಫೋಲ್ಡಿಗೂ ಹೊಗೆಕೊಳವೆಗೂ ನಡುವೆ ಲೋಹದ ಮರೆ ಹಿಡಿಯುವುದು ಬಾಯಿಯ ಆಕಾರಕ್ಕಿಂತ ಮುಖ್ಯವಾದ ಕೆಲಸಗಳು.

ಬಿಸಿ ಕೊಳವೆಯನ್ನೇ ಕೆಡವಬಲ್ಲದು. 2025ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್ ವಿಮಾನ ನಿಲ್ದಾಣದ ಬಳಿ ಮನೆಯಲ್ಲಿ ಕಟ್ಟಿದ ಪುಟ್ಟ ವಿಮಾನವೊಂದು ಇಳಿಯುವ ಹೊತ್ತಿನಲ್ಲಿ ಶಕ್ತಿ ಕಳೆದುಕೊಂಡು ರನ್‌ವೇಗೆ ಮೊದಲೇ ನೆಲಕ್ಕೆ ಬಿತ್ತು. ತನಿಖೆಯಲ್ಲಿ ಕಂಡದ್ದು ಇಷ್ಟು: ಗಾಳಿಯ ದಾರಿಯಲ್ಲಿದ್ದ, ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಪ್ಲಾಸ್ಟಿಕ್ ಮೊಣಕೈ ಕೊಳವೆ ಬಿಸಿಗೆ ಮೆತ್ತಗಾಗಿ ಕುಸಿದಿತ್ತು. ಆ ಪ್ಲಾಸ್ಟಿಕ್ 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಸಡಿಲಗೊಳ್ಳುವಂಥದ್ದಾಗಿತ್ತು. ಎಂಜಿನ್ ಯಾವ ಜಾತಿಯದಾದರೂ ಈ ಜಾಗಕ್ಕೆ ಬೆಸೆದ ಅಲ್ಯೂಮಿನಿಯಂ ಕೊಳವೆಯೇ ಲೇಸು. ಫಿಲ್ಟರ್ ಧೂಳಿನಿಂದಲೋ ಮಂಜುಗಡ್ಡೆಯಿಂದಲೋ ಕಟ್ಟಿಕೊಂಡಾಗ ತೆರೆದುಕೊಳ್ಳುವ ಬದಲಿ ಬಾಗಿಲೊಂದೂ ಇರಬೇಕು. ಆಗ ಬರುವ ಗಾಳಿ ಬಿಸಿಯದಾದರೂ ಚಿಂತೆಯಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಸಿಕ್ಕಿತೆಷ್ಟು ಎಂದು ತಿಳಿಯುವುದಕ್ಕೆ ದುಬಾರಿ ಉಪಕರಣವೇನೂ ಬೇಡ. ಇಂಗ್ಲಿಷಿನ ‘ಯು’ ಅಕ್ಷರದಂತೆ ಬಗ್ಗಿಸಿದ ಪಾರದರ್ಶಕ ನಳಿಕೆಯಲ್ಲಿ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಥ್ರಾಟಲಿನ ಮುಂದಿನ ಗಾಳಿಪೆಟ್ಟಿಗೆಗೂ ಇನ್ನೊಂದನ್ನು ವಿಮಾನದ ವೇಗಮಾಪಕಕ್ಕೆ ಹೊರಗಿನ ಸ್ಥಿರ ಒತ್ತಡವನ್ನು ತರುವ ನಳಿಕೆಗೂ ಜೋಡಿಸಿದರಾಯಿತು. ಮೇಲೆ ಹೇಳಿದ ಶೇ. 3.4 ಪೂರ್ತಿ ದಕ್ಕಿದ್ದರೆ ಎರಡು ಕಡೆಯ ನೀರಿನ ಮಟ್ಟದಲ್ಲಿ 35 ಸೆಂ.ಮೀ. ವ್ಯತ್ಯಾಸ ಕಾಣಬೇಕು. ಗಾಳಿಪೆಟ್ಟಿಗೆಯ ಕಡೆಯ ನೀರೇ ಮೇಲಕ್ಕೇರಿದ್ದರೆ ಎಂಜಿನ್ ಉಸಿರಿಗಾಗಿ ಒದ್ದಾಡುತ್ತಿದೆಯೆಂದು ತಿಳಿದು, ಮೊದಲು ಫಿಲ್ಟರನ್ನು ಬಿಚ್ಚಿ ನೋಡಬೇಕು.