ಪೈಥಾನ್ ಬಂದರೆ ಸೂಪರ್ ಕಂಪ್ಯೂಟರಿಗೆ ಸಾಲದೇ?

ಪ್ರಶ್ನೆ: ಸರ್, ನಾನು ಬಾಗಲಕೋಟೆಯಾಗ ಸಿವಿಲ್ ಎಂಜಿನಿಯರಿಂಗ್ ಓದ್ತೀನ್ರಿ. ಹೊಳಿ ಮಹಾಪೂರದ ಲೆಕ್ಕ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷಾದಾಗ ಬರದೀನಿ. ಸೂಪರ್ ಕಂಪ್ಯೂಟರಿಗೆ ಇದು ನಡ್ಯಂಗಿಲ್ಲ, ಸಿ ಪ್ಲಸ್ ಪ್ಲಸ್ ಇಲ್ಲಾ ಫೋರ್ಟ್ರಾನ್ ಕಲೀಬೇಕು ಅಂತಾರ. ಖರೇ ಏನ್ರಿ?

ಉತ್ತರ: ಅರ್ಧ ಖರೆ. ನಿಮ್ಮ ಹೊಳೆಯ ಲೆಕ್ಕವನ್ನೇ ಹಿಡಿಯೋಣ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದ್ದನ್ನು ನೀವೂ ಕಂಡಿರುತ್ತೀರಿ. 100 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ಬಯಲನ್ನು 10 ಮೀಟರಿನ ಚೌಕಗಳಾಗಿ ಕತ್ತರಿಸಿದರೆ ಒಂದು ಕೋಟಿ ಚೌಕಗಳಾಗುತ್ತವೆ. ಹತ್ತು ಮೀಟರ್ ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. ಅದು ಒಂದು ಚೌಕ ದಾಟುವುದರೊಳಗೆ ಮುಂದಿನ ಲೆಕ್ಕ ಆಗದಿದ್ದರೆ ಉತ್ತರವೇ ಕೆಡುತ್ತದೆ. ಅರ್ಧ ಸೆಕೆಂಡಿಗೊಮ್ಮೆ ಎಂದರೂ ಒಂದು ದಿನದ ಪ್ರವಾಹಕ್ಕೆ 1,72,800 ಸಲ. ಒಟ್ಟು ಸುಮಾರು 1.7 ಲಕ್ಷ ಕೋಟಿ ಚೌಕ-ಲೆಕ್ಕ.

ಬರಿಯ ಪೈಥಾನ್ ಲೂಪಿನಲ್ಲಿ (ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ಸುತ್ತಿನಲ್ಲಿ) ಚೌಕವೊಂದಕ್ಕೆ 10 ಮೈಕ್ರೋಸೆಕೆಂಡ್ ಹಿಡಿಯಿತೆನ್ನಿ. ಲೆಕ್ಕ ಮುಗಿಯಲು 200 ದಿನ ಬೇಕು. ಇದೇ ಕೆಲಸ ಕಂಪೈಲ್ ಆದ, ಎಂದರೆ ಯಂತ್ರಭಾಷೆಗೆ ಇಳಿಸಿದ, ಕೋಡಿನಲ್ಲಿ 50 ನ್ಯಾನೋಸೆಕೆಂಡಿಗೆ ಮುಗಿದರೆ ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ಒಂದು ದಿನ. ನೂರು ಕೋರ್‌ಗಳಿಗೆ ಚೆನ್ನಾಗಿ ಹಂಚಿದರೆ ಕಾಲು ತಾಸು. ಜನರನ್ನು ಊರಿನಿಂದ ಸ್ಥಳಾಂತರಿಸಲು ಪ್ರಯೋಜನಕ್ಕೆ ಬರುವ ಉತ್ತರ ಇದು.

ಪೈಥಾನಿಗೆ ಇಷ್ಟು ಹೊತ್ತೇಕೆ? ಎರಡು ಸಂಖ್ಯೆ ಕೂಡಿಸುವಾಗಲೆಲ್ಲ ಅದು ‘ಇದು ಪೂರ್ಣಾಂಕವೋ, ದಶಮಾಂಶವೋ, ಅಕ್ಷರವೋ’ ಎಂದು ಹೊಸದಾಗಿ ವಿಚಾರಿಸುತ್ತದೆ. ಎಂಟು ಬೈಟ್‌ನಲ್ಲಿ ಹಿಡಿಸುವ ದಶಮಾಂಶ ಸಂಖ್ಯೆಗೆ ಸಾಮಾನ್ಯವಾಗಿ 24 ಬೈಟ್ ಬಳಸುತ್ತದೆ. ನಂಪೈ ಎಂಬ ಸಿದ್ಧ ಕೋಡಿನ ಸಂಗ್ರಹ ಬಳಸಿದರೆ ಸಂಖ್ಯೆಗಳೆಲ್ಲ ಒಂದೇ ಜಾತಿಯವಾಗಿ ಸಾಲಾಗಿ ಕೂರುತ್ತವೆ, ಲೂಪು ಒಳಗಿನ ಸಿ ಕೋಡಿಗೆ ಇಳಿಯುತ್ತದೆ. ನುಂಬಾ ಎಂಬ ಇನ್ನೊಂದು ಸಲಕರಣೆಯಾದರೆ ನೀವು ಬರೆದ ಲೂಪನ್ನೇ ಓಡುವ ಹೊತ್ತಿಗೆ ಕಂಪೈಲ್ ಮಾಡಿಕೊಡುತ್ತದೆ. ಕೋಡು ನಿಮ್ಮದೇ, ಬೆವರು ಸುರಿಸುವುದು ಕಂಪೈಲರ್.

ಇನ್ನೊಂದು ಸಮಯದ ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ: ನಿಮ್ಮದು. ನಾನು ಇಂಥದೇ ಒಂದು ಮಾದರಿಯನ್ನು ಮೊದಲ ಸಾಲಿನಿಂದಲೇ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯಲು ಕುಳಿತು, ಲೆಕ್ಕ ಹಂಚಿಕೊಂಡ ಅಕ್ಕಪಕ್ಕದ ಕಂಪ್ಯೂಟರುಗಳು ಗಡಿಯ ಚೌಕಗಳನ್ನು ಅದಲುಬದಲು ಮಾಡುವ ಕಡೆ ಒಂದು ತಪ್ಪು ಹುಡುಕುತ್ತ ವಾರಗಟ್ಟಲೆ ಕಳೆದೆ. ನೀರಿನ ಬಗ್ಗೆ ಆ ವಾರಗಳಲ್ಲಿ ನಾನು ಏನೂ ಕಲಿಯಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

1957ರಲ್ಲಿ ಐಬಿಎಂನಿಂದ ಫೋರ್ಟ್ರಾನ್ ಬಂದಾಗ, ಕೈಯಿಂದ ಬರೆದ ಯಂತ್ರಭಾಷೆಯ ವೇಗ ಇದಕ್ಕೆಲ್ಲಿ ಬರಬೇಕು ಎಂದು ಅನುಮಾನಪಟ್ಟವರಿದ್ದರು. ಇಂದು ನಿಮಗೆ ‘ಕಠಿಣ’ ಎನ್ನುತ್ತಿರುವ ಭಾಷೆ ಅಂದು ಸುಲಭದ ಭಾಷೆಯಾಗಿತ್ತು! ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2002ರಲ್ಲಿ ಶುರುಮಾಡಿದ ಯೋಜನೆಯಲ್ಲಿ ಬರೆಯುವವರ ಶ್ರಮವೂ ಲೆಕ್ಕಕ್ಕೆ ಬಂತು. ಅಲ್ಲಿಂದ ಮೂರು ಭಾಷೆ ಹುಟ್ಟಿದವು. ಅವುಗಳಲ್ಲಿ ಕ್ರೇ ಕಂಪನಿಯಲ್ಲಿ ಹುಟ್ಟಿದ ಚಾಪೆಲ್ ಈಗಲೂ ಬೆಳೆಯುತ್ತಿದೆ. ಆದರೆ ಈ ಮೂರಕ್ಕೆ ಸೇರದ, 2012ರಲ್ಲಿ ಹೊರಬಂದ ಜೂಲಿಯಾ ಭಾಷೆ ನನಗೆ ಹೆಚ್ಚು ಇಷ್ಟ. 2017ರಲ್ಲಿ ಸೆಲೆಸ್ಟ್ ಎಂಬ ಖಗೋಳ ಯೋಜನೆಯವರು ಕೋರಿ ಎಂಬ ಸೂಪರ್ ಕಂಪ್ಯೂಟರ್ ಮೇಲೆ ಜೂಲಿಯಾ ಕೋಡು ಓಡಿಸಿ 1.54 ಪೆಟಾಫ್ಲಾಪ್ಸ್ (ಒಂದು ಪೆಟಾಫ್ಲಾಪ್ಸ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ) ವೇಗ ಮುಟ್ಟಿದರು. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್ ಎಂದರೆ ಅದರ ಅಳತೆ ತಿಳಿದೀತು.

ಪೈಥಾನಿಗೆ ತನ್ನದೇ ತೊಡಕೂ ಇದೆ. ಸಾವಿರಾರು ಪ್ರೊಸೆಸ್‌ಗಳು (ಓಡುತ್ತಿರುವ ಪ್ರೋಗ್ರಾಮಿನ ಪ್ರತಿಗಳು) ಒಮ್ಮೆಲೇ ‘ಇಂಪೋರ್ಟ್’ ಆಜ್ಞೆಯಿಂದ ಬೇಕಾದ ಕೋಡು ತರಿಸಲು ಹೊರಟರೆ ಸಣ್ಣಸಣ್ಣ ಫೈಲುಗಳಿಗಾಗಿ ಡಿಸ್ಕಿನ ಮುಂದೆ ಸಾಲು ನಿಲ್ಲುತ್ತವೆ. ಲೆಕ್ಕ ಶುರುವಾಗುವುದಕ್ಕೇ ತಡವಾಗುತ್ತದೆ. ಎಲ್ಲವನ್ನೂ ಒಂದೇ ಕಂಟೇನರ್ ಫೈಲಾಗಿ ಕಟ್ಟಿಕೊಂಡರೆ ಈ ಕಾಟ ಬಹಳ ತಗ್ಗುತ್ತದೆ.

ಫೋರ್ಟ್ರಾನ್ ಓದಲು ಕಲಿಯಿರಿ, ಹಳೆಯ ಹವಾಮಾನ ಮಾದರಿಗಳು ಅದರಲ್ಲೇ ಇವೆ. ಆದರೆ ಇವತ್ತು ನಿಮ್ಮ ಕೋಡಿಗೆ ಪ್ರೊಫೈಲರ್ ಹಚ್ಚಿ. ಯಾವ ಸಾಲು ಹೊತ್ತು ತಿನ್ನುತ್ತದೆಂದು ನೋಡಿ, ಆ ಸಾಲಿರುವ ಭಾಗಕ್ಕಷ್ಟೇ ನುಂಬಾ ಹಾಕಿ, ನೂರು ಚೌಕದ ಸಣ್ಣ ಹೊಳೆಯ ಮೇಲೆ ಹಳೆಯ ಕೋಡು, ಹೊಸ ಕೋಡು ಎರಡರ ಉತ್ತರವೂ ಹೊಂದುತ್ತವೆಯೇ ಎಂದು ತಾಳೆ ನೋಡಿ ನನಗೆ ಬರೆಯಿರಿ.