ಸೂಪರ್‌ಕೋರ್: ಬಾಡಿಗೆ ಬಿಟ್ಟರೆ ಉಳಿಯುವುದೇನು?

ಅಮೆರಿಕದ ಹಣದುಬ್ಬರದ ಅಂಕಿ ಬಂದ ದಿನ ಯಾರಾದರೂ ಒಬ್ಬರು ‘ಸೂಪರ್‌ಕೋರ್ ಇಷ್ಟಾಯ್ತು’ ಅಂತ ಹಾಕಿಯೇ ಹಾಕುತ್ತಾರೆ. ಸ್ಥೂಲವಾಗಿ ಅದು ಆಹಾರ, ಇಂಧನ, ವಸತಿ ಬಿಟ್ಟು ಉಳಿದ ಸೇವೆಗಳ ಹಣದುಬ್ಬರ. ಆದರೆ ಯಾವ ಸೂಚ್ಯಂಕದ ಸೂಪರ್‌ಕೋರ್ ಅಂತ ಮಾತ್ರ ಹೇಳುವುದಿಲ್ಲ. ಮೊನ್ನೆ ಒಬ್ಬರು ಅದನ್ನು ‘ಮನೆ ಬೆಲೆ ಬಿಟ್ಟು ಉಳಿದ ಹಣದುಬ್ಬರ’ ಎಂದು ಬರೆದಿದ್ದರು. ಈ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ, ಹಾಗಾಗಿ ಬರೆಯಲೇಬೇಕಾಯ್ತು.

ಮನೆ ಬೆಲೆ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ (ಸಿಪಿಐ) ಮೊದಲೇ ಇಲ್ಲ. ಇಲ್ಲದ್ದನ್ನು ಬಿಡುವುದು ಹೇಗೆ? ಅಲ್ಲಿರುವುದು ಬಾಡಿಗೆ. ಸ್ವಂತ ಮನೆಯಲ್ಲಿ ಇರುವವರಿಗೂ ಬಾಡಿಗೆಯ ಲೆಕ್ಕವೇ: ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತು ಅಂತ ಅಂದಾಜು ಮಾಡಿ ಸೇರಿಸುತ್ತಾರೆ. ಈ ಅಂದಾಜು ಬಾಡಿಗೆಯೊಂದೇ ಅಮೆರಿಕದ ಸಿಪಿಐಯಲ್ಲಿ ಸುಮಾರು ಕಾಲು ಭಾಗ.

ಬಾಡಿಗೆಯನ್ನು ಬಿಡುವುದು ಅದು ಮುಖ್ಯವಲ್ಲ ಅಂತಲ್ಲ, ಅದು ತಡವಾಗಿ ಸುದ್ದಿ ಹೇಳುತ್ತದೆ ಅಂತ. ಇವತ್ತು ಹೊಸ ಬಾಡಿಗೆದಾರರಿಗೆ ದರ ಇಳಿದರೂ, ಹಳೆ ಕರಾರಿನಲ್ಲಿ ಇರುವವರು ಕರಾರು ಮುಗಿಯುವ ತನಕ ಹಳೆ ಬಾಡಿಗೆಯನ್ನೇ ಕಟ್ಟುತ್ತಿರುತ್ತಾರೆ, ಅದರ ಮೇಲೆ ಸಮೀಕ್ಷೆಯವರು ಒಂದು ಮನೆಗೆ ಮತ್ತೆ ಬರುವುದೇ ಆರು ತಿಂಗಳಿಗೊಮ್ಮೆ. 2022ರ ನವೆಂಬರ್ 30ರಂದು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್‌ನ ಆಗಿನ ಅಧ್ಯಕ್ಷ ಜೆರೋಮ್ ಪವೆಲ್ ತಮ್ಮ ಭಾಷಣದಲ್ಲಿ ಕೋರ್ ಹಣದುಬ್ಬರವನ್ನು, ಅಂದರೆ ಆಹಾರ, ಇಂಧನ ಬಿಟ್ಟ ಹಣದುಬ್ಬರವನ್ನು, ಮೂರು ಭಾಗ ಮಾಡಿದರು: ಸರಕು, ವಸತಿ, ವಸತಿ ಬಿಟ್ಟು ಉಳಿದ ಸೇವೆಗಳು. ಮೂರನೆಯದು ಅರ್ಧಕ್ಕಿಂತ ಜಾಸ್ತಿ, ಆಸ್ಪತ್ರೆಯಿಂದ ಕಟಿಂಗ್ ಶಾಪ್‌ವರೆಗೆ ಎಲ್ಲ ಅದರಲ್ಲೇ, ಇಂಥ ಸೇವೆಗಳಲ್ಲಿ ದೊಡ್ಡ ಖರ್ಚು ಸಂಬಳ, ಹಾಗಾಗಿ ಮುಂದೆ ಏನಾಗುತ್ತದೆ ಅಂತ ತಿಳಿಯಲು ಇದನ್ನು ನೋಡಬೇಕು ಅನ್ನುವುದು ಅವರ ವಾದ. ಜನ ಸೂಪರ್‌ಕೋರ್ ಅನ್ನತೊಡಗಿದ್ದು ಈ ಮೂರನೆಯ ಭಾಗಕ್ಕೇ.

ಪವೆಲ್ ಹೇಳಿದ್ದು ಪಿಸಿಇ ಅನ್ನುವ ಇನ್ನೊಂದು ಬೆಲೆ ಸೂಚ್ಯಂಕದ ಬಗ್ಗೆ. ನಮ್ಮವರು ಉಲ್ಲೇಖಿಸುವುದು ಹೆಚ್ಚಾಗಿ ಸಿಪಿಐ. ಅಲ್ಲಿ ‘ವಸತಿ ಬಾಡಿಗೆ ಬಿಟ್ಟು ಸೇವೆಗಳು’ ಅಂತ ಒಂದು ಸಾಲು ಸಿಗುತ್ತದೆ, ಅದನ್ನೇ ಎತ್ತಿ ಹಾಕುತ್ತಾರೆ. ದಯವಿಟ್ಟು ಆ ಸಾಲಿನ ಒಳಗೇನಿದೆ ನೋಡಿ. ಕರೆಂಟ್ ಬಿಲ್ಲು ಮತ್ತು ಪೈಪ್ ಗ್ಯಾಸ್ ಅದರಲ್ಲಿವೆ! ಇಂಧನ ಇದ್ದ ಮೇಲೆ ಅದು ಕೋರ್ ಹೇಗಾಗುತ್ತದೆ? ಇನ್ನೊಂದು ಕಡೆ, ಹೋಟೆಲ್ ರೂಮಿನ ಬಾಡಿಗೆ ಆ ಸಾಲಿನಲ್ಲಿ ಇಲ್ಲ, ಏಕೆಂದರೆ ಸಿಪಿಐಯಲ್ಲಿ ಅದೂ ವಸತಿ ಬಾಡಿಗೆಯೇ. ಪವೆಲ್ ಹೇಳಿದ ಲೆಕ್ಕದಲ್ಲಿ ಅದು ಸೇವೆಗಳ ಒಳಗೇ ಉಂಟು.

ಈ ಸೇವೆಗಳೆಲ್ಲ ಸಂಬಳದಿಂದಲೇ ದುಬಾರಿಯಾಗುವುದಿಲ್ಲ. ಅಮೆರಿಕದ ವಾಹನ ವಿಮೆ ನೋಡಿ. 2021ರಲ್ಲಿ ಕಾರು, ಬಿಡಿಭಾಗ, ರಿಪೇರಿ ಎಲ್ಲ ದುಬಾರಿಯಾದವು. ವಿಮಾ ಕಂಪನಿಗಳಿಗೆ ನಷ್ಟ ಗೊತ್ತಾಗಿ, ಹಲವು ರಾಜ್ಯಗಳಲ್ಲಿ ದರ ಏರಿಸಲು ಒಪ್ಪಿಗೆ ಸಿಕ್ಕಿ, ಗ್ರಾಹಕರ ಪಾಲಿಸಿ ನವೀಕರಣಕ್ಕೆ ಬರುವಷ್ಟರಲ್ಲಿ ಎರಡು ವರ್ಷವಾಗಿತ್ತು. 2024ರ ಮಾರ್ಚ್‌ನಲ್ಲಿ ಸಿಪಿಐಯಲ್ಲಿ ವಾಹನ ವಿಮೆ ಹಿಂದಿನ ವರ್ಷಕ್ಕಿಂತ ಶೇ 22ರಷ್ಟು ಮೇಲಿತ್ತು. ಸಿಪಿಐ ಲೆಕ್ಕದ ಸೂಪರ್‌ಕೋರ್ ಮೇಲೆ ಹೋಗಲು ಇದೊಂದು ದೊಡ್ಡ ಕಾರಣ. ಅದನ್ನು ನೋಡಿ ‘ಸಂಬಳ ಏರಿ ಹಣದುಬ್ಬರ ಬಂತು’ ಅಂತ ಸುಮ್ನೆ ಬರೆದವರಿದ್ದಾರೆ. ಹಿಂದೆ ಏರಿದ್ದ ಕಾರು, ರಿಪೇರಿ ಬೆಲೆ ತಡವಾಗಿ ತೋರಿಸಿದ ಮುಖ ಅದು. ಬಾಡಿಗೆ ತಡ ಅಂತ ಹೊರಗಿಟ್ಟೆವು, ವಿಮೆಯೂ ಅಷ್ಟೇ ತಡ, ಅದು ಮಾತ್ರ ಒಳಗಿದೆ. ಪಿಸಿಇಯಲ್ಲಿ, ವಿಮಾ ಪರಿಹಾರವಾಗಿ ಗ್ರಾಹಕರಿಗೆ ವಾಪಸ್ ಬಂದ ದುಡ್ಡನ್ನು ಕಳೆದು ಉಳಿದ ಪ್ರೀಮಿಯಂ ಮಾತ್ರ ಲೆಕ್ಕಕ್ಕೆ ತಗೊಳ್ಳುವುದರಿಂದ ಅಲ್ಲಿ ವಿಮೆಯ ತೂಕ ತುಂಬಾ ಕಡಿಮೆ.

ನಮ್ಮಲ್ಲೂ ಕೋರ್ ಅಂದರೆ ಆಹಾರ, ಇಂಧನ ಬಿಟ್ಟಿದ್ದು. 2012ನ್ನು ಮೂಲ ವರ್ಷವಾಗಿಟ್ಟ ನಮ್ಮ ಸಿಪಿಐ ಸರಣಿಯಲ್ಲಿ ವಸತಿಯ ತೂಕ ಶೇ 10.07, ಅದೂ ಪೂರ್ತಿ ನಗರದ್ದು, ಹಳ್ಳಿಯ ಸೂಚ್ಯಂಕದಲ್ಲಿ ಬಾಡಿಗೆಯೇ ಇರಲಿಲ್ಲ. 2017ರ ಜುಲೈನಲ್ಲಿ ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆ ಏರಿದಾಗ, ಸರ್ಕಾರಿ ವಸತಿಗೃಹಗಳ ಬಾಡಿಗೆಯನ್ನು ಭತ್ಯೆಯ ಮೇಲೆ ಲೆಕ್ಕ ಹಾಕುತ್ತಿದ್ದರಿಂದ ವಸತಿ ಸೂಚ್ಯಂಕವೂ ಏರಿತು. ಆರ್‌ಬಿಐ ಆಗ ಭತ್ಯೆಯ ಪರಿಣಾಮ ಕಳೆದ ಹಣದುಬ್ಬರವನ್ನು ಬೇರೆಯಾಗಿ ಹೇಳುತ್ತಿತ್ತು. ಅದನ್ನೂ ಸೂಪರ್‌ಕೋರ್ ಅನ್ನಬೇಡಿ. ಅಲ್ಲಿ ಕಳೆದದ್ದು ಭತ್ಯೆಯ ಪರಿಣಾಮವನ್ನಷ್ಟೇ. ಈರುಳ್ಳಿ, ಪೆಟ್ರೋಲ್ ಎಲ್ಲ ಒಳಗೇ ಇದ್ದವು.